ತೆರೆಸವಾರಿಗೆ ಹೊರಡುವ ಮುನ್ನ

‘ಸಮುದ್ರದ ನಂಟಸ್ತನ, ಉಪ್ಪಿಗೆ ಬಡತನ’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಪಡುಗಡಲಿನ ಮಗ್ಗುಲಲ್ಲೇ ಬಾಳುವ ಕಾಸರಗೋಡು ಸೀಮೆಯ ನಮಗೆ ಈ ಗಾದೆ ಇನ್ನೊಂದು ಬಗೆಯಲ್ಲಿ ಹೊಂದುತ್ತದೆ. ಮಂಜೇಶ್ವರದಿಂದ ಹೊರಟರೂ ಸರಿ, ಕುಂಬಳೆಯಿಂದ ಹೊರಟರೂ ಸರಿ, ಸ್ವಲ್ಪ ದೂರ ಪಡುವಣಕ್ಕೆ ನಡೆದರೆ ಕಡಲು ಸಿಗುತ್ತದೆ. ರಾತ್ರಿ ಅದರ ಮೊರೆತ ಕೇಳುತ್ತಾ ಮಲಗುವ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಹೀಗಿದ್ದೂ, ತೆರೆ ಎಲ್ಲಿ ಹುಟ್ಟುತ್ತದೆ, ಎಲ್ಲಿ ಒಡೆಯುತ್ತದೆ, ದಡಕ್ಕೆ ಬಂದ ನೀರು ಯಾವ ದಾರಿಯಾಗಿ ಹಿಂದಕ್ಕೆ ಹೋಗುತ್ತದೆ ಎಂದು ಕೇಳಿದರೆ ಉತ್ತರ ಹೇಳುವವರು ಬಹಳ ಕಡಿಮೆ. ಈಜು ಬಲ್ಲವರೂ ಹೆಚ್ಚಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಸರ್ಫಿಂಗ್ ಎಂಬ ಕ್ರೀಡೆಯ ಚಿತ್ರಗಳನ್ನು ಕಂಡು, “ನಾವೂ ಕಡಲ ದಂಡೆಯಲ್ಲಿ ಎರಡು ದಿನ ಡೇರೆ ಹಾಕಿ ಅದನ್ನು ಕಲಿಯಬಾರದೇಕೆ?” ಎಂದು ಕೇಳುವ ವಿದ್ಯಾರ್ಥಿಗಳಿದ್ದಾರೆ. ಆಸೆ ಒಳ್ಳೆಯದೇ. ಆದರೆ ಇಂತಹ ಪ್ರವಾಸದ ಸಿದ್ಧತೆಯೆಂದರೆ ಚೀಲ ತುಂಬಿಸುವುದೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಚೀಲ ತುಂಬಿಸುವುದು ಕೊನೆಯ ಕೆಲಸ. ಕಡಲನ್ನು ಓದಿ ತಿಳಿಯುವುದು ಮೊದಲನೆಯದು. ಈ ಲೇಖನದಲ್ಲಿ ಆ ಓದಿನ ಕ್ರಮವನ್ನು ವಿವರಿಸಲು ಪ್ರಯತ್ನಿಸಲಾಗಿದೆ.

ತೆರೆಸವಾರಿ ಎಂದರೇನು?

ದಡದತ್ತ ಬರುವ ತೆರೆಯ ಇಳಿಜಾರಿನ ಮೇಲೆ ಒಂದು ಹಲಗೆಯನ್ನು ಹಿಡಿದು ಜಾರುತ್ತಾ ಬರುವುದೇ ಸರ್ಫಿಂಗ್. ಕನ್ನಡದಲ್ಲಿ ಇದನ್ನು ತೆರೆಸವಾರಿ ಎಂದು ಕರೆಯಬಹುದು. ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪಗಳಲ್ಲಿ ಇದು ಬಹಳ ಹಿಂದಿನಿಂದಲೂ ಅರಸರಿಗೂ ಸಾಮಾನ್ಯ ಜನರಿಗೂ ಪ್ರಿಯವಾದ ಆಟವಾಗಿತ್ತು. ಅಲ್ಲಿಯ ಡ್ಯೂಕ್ ಕಹಾನಮೋಕು ಎಂಬಾತ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನ ಚಿನ್ನದ ಪದಕ ಪಡೆದ ಮೇಲೆ, ತಾನು ಹೋದ ದೇಶಗಳಲ್ಲಿ ತನ್ನ ನಾಡಿನ ಈ ಆಟವನ್ನೂ ಪ್ರದರ್ಶಿಸಿ ಜಗತ್ತಿಗೆ ಪರಿಚಯಿಸಿದನು. ತೆರೆಸವಾರಿಯನ್ನು ಪ್ರಚಾರಪಡಿಸಿದವನು ಮೊದಲು ನುರಿತ ಈಜುಗಾರನಾಗಿದ್ದನೆಂಬುದು ಗಮನಾರ್ಹ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಮೊದಲ ಬಾರಿ ಸ್ಥಾನ ದೊರೆಯಿತು.

ನಮ್ಮ ನೆರೆಯ ಮೂಲ್ಕಿಯಲ್ಲಿ, ಅಮೆರಿಕಾದಿಂದ ಬಂದು ನೆಲೆಸಿದ ಜಾಕ್ ಹೆಬ್ನರ್ ಎಂಬವರು 2004ರ ಸುಮಾರಿಗೆ ಮಂತ್ರ ಸರ್ಫ್ ಕ್ಲಬ್ ಎಂಬ ತರಬೇತಿ ಕೇಂದ್ರವನ್ನು ಆರಂಭಿಸಿದರು. 2016ರಿಂದೀಚೆಗೆ ಅದರ ಸಮೀಪದ ಸಸಿಹಿತ್ಲು ಮತ್ತು ಮಂಗಳೂರಿನ ಪಣಂಬೂರು ಕಡಲತೀರಗಳಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ಜರುಗಿವೆ. 2025ರಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ್ ಬುದಿಹಾಳ್ ಭಾರತಕ್ಕೆ ಕಂಚಿನ ಪದಕ ತಂದುಕೊಟ್ಟರು. ಆದುದರಿಂದ ಇದು ಇನ್ನು ಪರದೇಶದವರ ಆಟವೆಂದು ಹೇಳುವಂತಿಲ್ಲ.

ತೆರೆ ಎಲ್ಲಿಂದ ಬರುತ್ತದೆ?

ಗಾಳಿ ನೀರಿನ ಮೇಲೆ ಬೀಸಿದಾಗ ತೆರೆ ಹುಟ್ಟುತ್ತದೆ. ಗಾಳಿ ಎಷ್ಟು ಬಿರುಸಾಗಿ, ಎಷ್ಟು ಹೊತ್ತು, ಎಷ್ಟು ದೂರದವರೆಗೆ ಬೀಸಿತೆಂಬ ಮೂರು ವಿಷಯಗಳನ್ನು ಹೊಂದಿಕೊಂಡು ತೆರೆಯ ಗಾತ್ರ ನಿರ್ಧಾರವಾಗುತ್ತದೆ. ಆದರೆ ನಮ್ಮ ದಡಕ್ಕೆ ಬಂದು ಬೀಳುವ ತೆರೆಗಳೆಲ್ಲ ನಮ್ಮ ಊರಿನ ಗಾಳಿಯ ಮಕ್ಕಳಲ್ಲ. ಸಮೀಪದ ಗಾಳಿಯಿಂದ ಹುಟ್ಟಿದ ತೆರೆಗಳು ಐದಾರು ಸೆಕೆಂಡಿಗೊಂದರಂತೆ, ಅಡ್ಡಾದಿಡ್ಡಿಯಾಗಿ ಬರುತ್ತವೆ. ಹಿಂದೂ ಮಹಾಸಾಗರದ ತೆಂಕಣ ತುದಿಯಲ್ಲಿ, ಅಂಟಾರ್ಕ್ಟಿಕಾದ ಕಡೆಯ ಬಿರುಗಾಳಿಗಳಲ್ಲಿ ಹುಟ್ಟಿದ ತೆರೆಗಳು ಹದಿನೈದು ಸೆಕೆಂಡಿಗೆ ಒಂದರಂತೆ, ಸಾಲು ಹಿಡಿದು, ಸಮನಾಗಿ ಬರುತ್ತವೆ.

ಒಂದು ತೆರೆಯ ನೆತ್ತಿ ಕಳೆದು ಇನ್ನೊಂದರ ನೆತ್ತಿ ಬರುವವರೆಗಿನ ಹೊತ್ತಿಗೆ ‘ಅವಧಿ’ ಎಂದು ಹೆಸರು. ಆಳವಾದ ಕಡಲಿನಲ್ಲಿ ತೆರೆಗಳ ಗುಂಪು ಗಂಟೆಗೆ ಎಷ್ಟು ಕಿಲೋಮೀಟರ್ ಚಲಿಸುತ್ತದೆ ಎಂದು ತಿಳಿಯಲು, ಅವಧಿಯ ಸೆಕೆಂಡುಗಳನ್ನು 2.8ರಿಂದ ಗುಣಿಸಿದರೆ ಸಾಕು. ಅವಧಿ 15 ಸೆಕೆಂಡ್ ಆದರೆ ವೇಗ ಗಂಟೆಗೆ 42 ಕಿಲೋಮೀಟರ್. ಅಂದರೆ ದಿನಕ್ಕೆ ಸುಮಾರು 1,000 ಕಿಲೋಮೀಟರ್. 6,500 ಕಿಲೋಮೀಟರ್ ದೂರದಲ್ಲಿ ಎದ್ದ ಬಿರುಗಾಳಿಯ ತೆರೆ ನಮ್ಮ ದಡವನ್ನು ಮುಟ್ಟಲು ಆರೇಳು ದಿನ ಬೇಕು. ಇಲ್ಲಿ ಆಕಾಶ ತಿಳಿಯಾಗಿರಬಹುದು, ಗಾಳಿಯೂ ಇಲ್ಲದಿರಬಹುದು. ಆದರೂ ಕಡಲು ಏಕಾಏಕಿ ಉಕ್ಕಿ ದಡದ ಮನೆಗಳ ಅಂಗಳಕ್ಕೆ ಬರಬಹುದು. ಮಲಯಾಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು ಎಂದರ್ಥ. ವಿಜ್ಞಾನಿಗಳೂ ಈಗ ಇದೇ ಹೆಸರನ್ನು ಬಳಸುತ್ತಾರೆ.

2024ರ ಮಾರ್ಚ್ 31ರಂದು ಕೇರಳದ ತೆಂಕಣ ಕರಾವಳಿಯ ಹಲವು ಕಡೆ ಕಡಲು ಹೀಗೆಯೇ ಉಕ್ಕಿತು. ಅದೇ ವರ್ಷದ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಕಡಲತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ತೆರೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಕಳ್ಳಕ್ಕಡಲಿನ ಬಗ್ಗೆ ಎಚ್ಚರಿಕೆ ಹೊರಬಿದ್ದಿದ್ದ ದಿನಗಳವು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ತೆರೆಯ ಎತ್ತರ ಮತ್ತು ಅವಧಿಯನ್ನು ಮುಂಚಿತವಾಗಿ ಲೆಕ್ಕಹಾಕಿ ಕರಾವಳಿಯ ಜನರಿಗೆ ತಿಳಿಸುತ್ತದೆ. ತೆರೆ ಬರಲು ದಿನಗಟ್ಟಲೆ ಹಿಡಿಯುವುದರಿಂದಲೇ ಇದು ಸಾಧ್ಯವಾಗಿದೆ. ಶಿಬಿರಕ್ಕೆ ಹೊರಡುವ ವಾರದಿಂದ ಪ್ರತಿದಿನ ಈ ಸೂಚನೆಯನ್ನು ನೋಡಿ, ಎತ್ತರವನ್ನೂ ಅವಧಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಒಬ್ಬ ವಿದ್ಯಾರ್ಥಿಗೆ ಒಪ್ಪಿಸಬೇಕು. ಎತ್ತರ ಕಡಿಮೆಯಿದ್ದು ಅವಧಿ ಮಾತ್ರ ಹೆಚ್ಚಿದ್ದರೂ ಮೈಮರೆಯಬಾರದು. ದೀರ್ಘ ಅವಧಿಯ ತೆರೆ ನಡುಗಡಲಿನಲ್ಲಿ ತಗ್ಗಾಗಿ ಕಂಡರೂ ದಡದ ಬಳಿ ಎತ್ತರವಾಗುತ್ತದೆ.

ಯಾವ ತಿಂಗಳು? ಯಾವ ಹೊತ್ತು?

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಶಿಬಿರದ ಮಾತೆತ್ತುವ ಕಾಲವೇ ಅಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷಿದ್ಧ. ಮೀನಿನ ಸಂತತಿಯ ರಕ್ಷಣೆಗಾಗಿ ಇರುವ ನಿಯಮವಾದರೂ, ಆ ಕಾಲದ ಕಡಲು ಎಂತಹುದೆಂಬುದಕ್ಕೆ ದಡದಲ್ಲಿ ಸಾಲಾಗಿ ನಿಂತ ದೋಣಿಗಳೇ ಸಾಕ್ಷಿ. ಸ್ಪರ್ಧೆಗಳು ಮೇ ಕೊನೆಯ ಅಥವಾ ಜೂನ್ ಮೊದಲ ದಿನಗಳಲ್ಲಿ ನಡೆಯುತ್ತವಲ್ಲ ಎಂದು ನೀವು ಕೇಳಬಹುದು. ಮಳೆಗಾಲ ಹತ್ತಿರವಾದಂತೆ ತೆರೆ ದೊಡ್ಡದಾಗುತ್ತದೆ, ನುರಿತವರಿಗೆ ಅದೇ ಬೇಕು. ಕಲಿಯುವವರಿಗೆ ಅದು ಬೇಡ. ಅವರಿಗೆ ಸೊಂಟಮಟ್ಟದ ಸಣ್ಣ ತೆರೆ ಬೇಕು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಆದುದರಿಂದ ನಮ್ಮ ಶಾಲೆಗಳಿಗೆ ಕ್ರಿಸ್ಮಸ್ ರಜೆ ಅನುಕೂಲವಾದ ಸಮಯ.

ತಿಂಗಳಾದ ಮೇಲೆ ದಿನ. ಇದಕ್ಕೆ ಮನೆಯ ಪಂಚಾಂಗವನ್ನು ತೆರೆಯಿರಿ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಸುಮಾರಿಗೆ ಸೂರ್ಯ ಚಂದ್ರರ ಸೆಳೆತ ಒಂದುಗೂಡುವುದರಿಂದ ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಯ ಸುಮಾರಿಗೆ ಇವೆರಡರ ಅಂತರ ಕಡಿಮೆ, ನೀರಿನ ಓಡಾಟವೂ ಅಷ್ಟು ಬಿರುಸಲ್ಲ. ಮೊದಲ ಶಿಬಿರಕ್ಕೆ ಅಷ್ಟಮಿಯ ಆಸುಪಾಸು ಲೇಸು. ಉಬ್ಬರದ ನಿಖರವಾದ ಗಳಿಗೆಯನ್ನು ತಿಳಿಯಲು ಭಾರತೀಯ ಸರ್ವೇಕ್ಷಣ ಇಲಾಖೆ ಪ್ರತಿವರ್ಷ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕವಿದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಇಂದು ಬೆಳಗ್ಗೆ 7 ಗಂಟೆಗೆ ಉಬ್ಬರವಿದ್ದರೆ ನಾಳೆ ಅದು 7 ಗಂಟೆ 50 ನಿಮಿಷದ ಸುಮಾರಿಗೆ. ಎರಡು ದಿನದ ವೇಳಾಪಟ್ಟಿ ಮಾಡುವಾಗ ಈ 50 ನಿಮಿಷವನ್ನು ಸೇರಿಸಿಕೊಳ್ಳಬೇಕು.

ಇನ್ನು ಗಾಳಿ. ರಾತ್ರಿ ನೆಲ ಬೇಗ ತಣಿಯುವುದರಿಂದ ಮುಂಜಾನೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಆಗ ತೆರೆಯ ಮೈ ನುಣುಪಾಗಿರುತ್ತದೆ. ಬಿಸಿಲೇರಿದಂತೆ ಕಡಲಗಾಳಿ ಎದ್ದು ನೀರು ಕದಡುತ್ತದೆ. ಹಾಗಾಗಿ ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆಯವರೆಗಿನ ಹೊತ್ತು ಕಲಿಕೆಗೆ ಪ್ರಶಸ್ತ. ಆದರೆ ನೆಲದ ಗಾಳಿಗೆ ಒಂದು ದೋಷವುಂಟು. ತೇಲುವ ವಸ್ತುಗಳನ್ನು ಅದು ಕಡಲಿನ ಕಡೆಗೆ ತಳ್ಳಿಕೊಂಡು ಹೋಗುತ್ತದೆ. ಕೈಬಿಟ್ಟ ಚೆಂಡನ್ನೋ ಟ್ಯೂಬನ್ನೋ ಹಿಂಬಾಲಿಸಿ ಯಾರೂ ಈಜಬಾರದು.

ಸ್ಥಳವನ್ನು ಆರಿಸುವುದು

ತೆರೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳವಿರುವಲ್ಲಿ ಒಡೆಯುತ್ತದೆ. ಒಂದು ಮೀಟರ್ ಎತ್ತರದ ತೆರೆ 1.3 ಮೀಟರ್ ನೀರಿನಲ್ಲಿ ಒಡೆಯುವುದೆಂದಾಯಿತು. ಕಡಲಿನ ತಳ ಮೆಲ್ಲಮೆಲ್ಲನೆ ಏರುತ್ತಾ ಬಂದರೆ ತೆರೆ ದೂರದಲ್ಲೇ ನೊರೆ ಚೆಲ್ಲುತ್ತಾ, ಬಲವನ್ನು ಕಳೆದುಕೊಳ್ಳುತ್ತಾ ಬರುತ್ತದೆ. ಕಲಿಯುವವರಿಗೆ ಬೇಕಾದುದು ಈ ನೊರೆತೆರೆಯೇ. ತಳ ಕಡಿದಾಗಿದ್ದರೆ ತೆರೆ ದಡದ ಅಂಚಿಗೇ ಬಂದು ಸುರುಳಿಯಾಗಿ ಎದ್ದು ಧೊಪ್ಪನೆ ಬೀಳುತ್ತದೆ. ಅಂತಹ ದಡ ಕತ್ತಿಗೂ ಬೆನ್ನುಮೂಳೆಗೂ ಅಪಾಯಕಾರಿ. ದಡ ಕಡಿದೋ ಅಲ್ಲವೋ ಎಂದು ಇಳಿತದ ಹೊತ್ತಿಗೆ ಹೋಗಿ ನೋಡಿದರೆ ಸುಲಭವಾಗಿ ತಿಳಿಯುತ್ತದೆ.

ನಮ್ಮ ಮಕ್ಕಳಿಗೆ ಸಮೀಪದಲ್ಲಿ, ತರಬೇತಿ ಕೊಡುವವರೂ ಇರುವ ಪ್ರದೇಶವೆಂದರೆ ಮೂಲ್ಕಿಯ ಆಸುಪಾಸು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಅಲ್ಲಿಂದ ಮೂಲ್ಕಿಗೆ ಸುಮಾರು 30 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸಿನಲ್ಲೇ ಹೋಗಬಹುದು. ಅಲ್ಲಿ ನಂದಿನಿ ಮತ್ತು ಶಾಂಭವಿ ಎಂಬ ಎರಡು ಹೊಳೆಗಳು ಒಂದಾಗಿ ಕಡಲನ್ನು ಸೇರುತ್ತವೆ. ಅಳಿವೆಯ ನೋಟ ಬಹಳ ಚೆಲುವಾದುದು. ಆದರೆ ನೀರಾಟಕ್ಕೆ ಅಳಿವೆಬಾಗಿಲು ತಕ್ಕ ಜಾಗವಲ್ಲ. ಇಳಿತದ ಹೊತ್ತಿಗೆ ಹೊಳೆಯ ನೀರೂ ಒಳಗೆ ಸೇರಿದ್ದ ಉಪ್ಪುನೀರೂ ಒಟ್ಟಾಗಿ ಇಕ್ಕಟ್ಟಾದ ಬಾಗಿಲಿನಿಂದ ಹೊರಗೆ ನುಗ್ಗುತ್ತವೆ. ಆ ಓಟಕ್ಕೆ ಎದುರಾಗಿ ಈಜಲು ದೊಡ್ಡವರಿಂದಲೂ ಆಗದು. ಅಳಿವೆಯಿಂದ ದೂರದಲ್ಲಿ, ಬಂಡೆಗಳೂ ತಡೆಗೋಡೆಯ ಕಲ್ಲುಗಳೂ ಇಲ್ಲದ ಬರಿಯ ಮರಳಿನ ದಡವೇ ಯೋಗ್ಯ.

ಯಾವ ಊರಿಗೆ ಹೋದರೂ ಮೊದಲು ಮಾತಾಡಿಸಬೇಕಾದುದು ಅಲ್ಲಿಯ ಮೀನುಗಾರರನ್ನು. ದೋಣಿಯನ್ನು ನೀರಿಗೆ ತಳ್ಳುವ ಮುನ್ನ ಅವರು ತೆರೆಗಳನ್ನು ನೋಡುತ್ತಾ ನಿಂತಿರುವುದನ್ನು ನೀವು ಕಂಡಿರಬಹುದು. ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ, ಅವುಗಳ ಹಿಂದೆ ಸ್ವಲ್ಪ ಹೊತ್ತು ಬಿಡುವಿರುತ್ತದೆ. ಆ ಬಿಡುವನ್ನು ಅವರು ಕಾಯುತ್ತಾರೆ. ಬಿಡುವಿನ ಹೊತ್ತಿನಲ್ಲಿ ಬಂದು ನೋಡಿದವನಿಗೆ ಕಡಲು ಸಾಧುವಾಗಿ ಕಾಣುತ್ತದೆ, ಮೋಸ ಹೋಗುವುದು ಅಲ್ಲೇ. ಕನಿಷ್ಠ 20 ನಿಮಿಷ ದಡದಲ್ಲಿ ನಿಂತು ನೋಡದೆ ನೀರಿಗೆ ಕಾಲಿಡಬಾರದು. ಈ ಜಾಗದಲ್ಲಿ ಇಳಿಯಬೇಡಿ ಎಂದು ಮೀನುಗಾರರು ಹೇಳಿದರೆ, ಕಾರಣ ಕೇಳುವುದು ಆಮೇಲೆ, ಮೊದಲು ಜಾಗ ಬದಲಾಯಿಸಬೇಕು.

ಸೆಳವನ್ನು ಗುರುತಿಸುವುದು

ತೆರೆಗಳು ದಡಕ್ಕೆ ತಂದು ಹಾಕಿದ ನೀರು ಹಿಂದಕ್ಕೆ ಹೋಗಲೇಬೇಕಷ್ಟೆ. ಅದು ಎಲ್ಲ ಕಡೆಯೂ ಸಮನಾಗಿ ಹೋಗದೆ, ಮರಳದಿಣ್ಣೆಗಳ ನಡುವೆ ತಗ್ಗಿದ್ದಲ್ಲಿ ಒಂದು ತೋಡಿನಂತೆ ಸೇರಿ ಕಡಲಿನತ್ತ ಹರಿಯುತ್ತದೆ. ಇದೇ ಸೆಳವು. ಜನರು ಇದನ್ನು ಸುಳಿಯೆಂದೂ, ಒಳಕ್ಕೆ ಎಳೆಯುತ್ತದೆಂದೂ ಹೇಳುವುದುಂಟು. ಅದು ಸರಿಯಲ್ಲ. ಸೆಳವು ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ಗಾಬರಿ ಮತ್ತು ಆಯಾಸಗಳೇ ಮುಳುಗಿಸುವುದು.

ಲೆಕ್ಕ ಹಾಕಿ ನೋಡಿ. ಸೆಳವಿನ ವೇಗ ಸೆಕೆಂಡಿಗೆ ಒಂದು ಮೀಟರ್ ಎಂದಿಟ್ಟುಕೊಳ್ಳೋಣ. ಕಲಿಯುತ್ತಿರುವ ಹುಡುಗನೊಬ್ಬನು ಸೆಕೆಂಡಿಗೆ ಅರ್ಧ ಮೀಟರ್ ಈಜಬಲ್ಲ. ಅವನು ದಡದ ಕಡೆಗೆ ಮುಖ ಮಾಡಿ ಜೀವ ಬಿಟ್ಟು ಕೈ ಬೀಸಿದರೂ ನಿಮಿಷಕ್ಕೆ 30 ಮೀಟರ್ ಹಿಂದೆಯೇ ಹೋಗುತ್ತಾನೆ. ಐದು ನಿಮಿಷದಲ್ಲಿ 150 ಮೀಟರ್ ದೂರ. ಕೆಲವು ಸೆಳವುಗಳ ವೇಗ ಸೆಕೆಂಡಿಗೆ ಎರಡು ಮೀಟರನ್ನು ಮುಟ್ಟುವುದುಂಟು. ಒಲಿಂಪಿಕ್ಸ್ ಈಜುಗಾರನೂ ಅದನ್ನು ಎದುರಿಸಿ ಬಹಳ ಹೊತ್ತು ಈಜಲಾರ. ಆದರೆ ಸೆಳವು ಅಗಲವಾದುದಲ್ಲ. ಎದುರು ಈಜದೆ ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಈಜಿದರೆ ಅದರಿಂದ ಹೊರಬರಬಹುದು. ಅಲ್ಲಿಂದ ತೆರೆಗಳೇ ದಡದತ್ತ ತಳ್ಳುತ್ತವೆ. ಈಜಲು ಶಕ್ತಿಯಿಲ್ಲದಿದ್ದರೆ ಅಂಗಾತ ತೇಲುತ್ತಾ ಒಂದು ಕೈ ಎತ್ತಿ ಸಹಾಯ ಬೇಡಬೇಕು. ಹಲಗೆಯಿದ್ದರೆ ಅದನ್ನು ಯಾವ ಕಾರಣಕ್ಕೂ ಬಿಡಬಾರದು. ಅದು ನಿಮ್ಮ ದೋಣಿ.

ದಡದಿಂದ ನೋಡಿದಾಗ ಸೆಳವು ಹೇಗೆ ಕಾಣುತ್ತದೆ? ಎರಡೂ ಬದಿಗಳಲ್ಲಿ ತೆರೆ ಬೆಳ್ಳಗೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟೆಯಲ್ಲಿ ಮಾತ್ರ ತೆರೆ ಒಡೆಯದೆ ನೀರು ಕಪ್ಪಾಗಿ, ಸಮತಟ್ಟಾಗಿ ಕಾಣುತ್ತದೆ. ಕೆಲವೊಮ್ಮೆ ಕದಡಿದ ಮರಳು, ನೊರೆ, ಕಸಕಡ್ಡಿಗಳು ಆ ಪಟ್ಟೆಯಲ್ಲಿ ಕಡಲಿನ ಕಡೆಗೆ ಸಾಗುತ್ತಿರುತ್ತವೆ. ತೆರೆಯಿಲ್ಲವಾದ್ದರಿಂದ ಮಕ್ಕಳಿಗೆ ಅದೇ ಸುರಕ್ಷಿತ ಜಾಗವೆಂದು ತೋರುತ್ತದೆ. ಶಿಬಿರದ ಮೊದಲ ದಿನ ಒಂದಿಷ್ಟು ತೆಂಗಿನ ಸಿಪ್ಪೆಗಳನ್ನು ಬೇರೆಬೇರೆ ಕಡೆ ಎಸೆದು ಅವು ಎತ್ತ ಹೋಗುತ್ತವೆಂದು ದಡದಿಂದಲೇ ನೋಡಿರಿ. ಪಾಠಪುಸ್ತಕದ ಹತ್ತು ಪುಟಗಳಿಗಿಂತ ಇದು ಹೆಚ್ಚು ಕಲಿಸುತ್ತದೆ.

ಮುಳುಗುತ್ತಿರುವವನನ್ನು ಕಂಡಾಗ ಹಿಂದುಮುಂದು ನೋಡದೆ ಹಾರುವುದು ಧೈರ್ಯವಲ್ಲ. ಒಬ್ಬನ ಬದಲು ಇಬ್ಬರು ಹೋದ ಪ್ರಸಂಗಗಳು ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಹಗ್ಗ, ಗಾಳಿ ತುಂಬಿದ ಟ್ಯೂಬು, ಬಾಯಿ ಬಿಗಿದ ಖಾಲಿ ಕ್ಯಾನು ಮುಂತಾದ ತೇಲುವ ವಸ್ತುವನ್ನು ಎಸೆಯಬೇಕು, ಕೂಗಿ ತರಬೇತುದಾರರನ್ನು ಕರೆಯಬೇಕು. ತುರ್ತು ಸಹಾಯಕ್ಕೆ 112, ಕರಾವಳಿ ರಕ್ಷಣಾ ಪಡೆಗೆ 1554, ಈ ಎರಡು ಸಂಖ್ಯೆಗಳು ಎಲ್ಲರಿಗೂ ಬಾಯಿಪಾಠವಾಗಿರಬೇಕು. ಮೇಲೆ ತಂದವನ ಹೊಟ್ಟೆ ಒತ್ತುವುದು, ತಲೆಕೆಳಗಾಗಿ ಹಿಡಿಯುವುದು ತಪ್ಪು. ಉಸಿರಾಟ ನಿಂತಿದ್ದರೆ ಬಾಯಿಗೆ ಬಾಯಿಟ್ಟು ಐದು ಬಾರಿ ಉಸಿರು ಕೊಟ್ಟು, ಅನಂತರ 30 ಸಲ ಎದೆ ಒತ್ತಿ 2 ಸಲ ಉಸಿರು ಕೊಡುವ ಕ್ರಮವನ್ನು ಸಹಾಯ ಬರುವವರೆಗೂ ಮುಂದುವರಿಸಬೇಕು. ಇದನ್ನು ಓದಿ ಕಲಿತರೆ ಸಾಲದು, ಬಲ್ಲವರಿಂದ ಮಾಡಿ ಕಲಿಯಬೇಕು.

ಯಾರು ಹೋಗಬಹುದು?

ಹತ್ತು ನಿಮಿಷ ನೀರಿನಲ್ಲಿ ತೇಲಬಲ್ಲವರು, ನಿಲ್ಲದೆ 100 ಮೀಟರ್ ಈಜಬಲ್ಲವರು ಮಾತ್ರ ಹಲಗೆ ಹಿಡಿಯಬೇಕು. ಈ ಪರೀಕ್ಷೆ ಒಂದು ತಿಂಗಳ ಮುಂಚೆಯೇ ಕೆರೆಯಲ್ಲೋ ಈಜುಕೊಳದಲ್ಲೋ ಹಿರಿಯರ ಸಮ್ಮುಖದಲ್ಲಿ ನಡೆಯಲಿ. ತೇರ್ಗಡೆಯಾಗದವರನ್ನು ಬಿಟ್ಟುಹೋಗಬೇಕೆಂದಿಲ್ಲ. ದಡದ ಕೆಲಸಗಳಿಗೂ ಜನ ಬೇಕು. ಈಜು ಕಲಿತು ಮುಂದಿನ ವರ್ಷ ಅವರೂ ಹಲಗೆ ಹಿಡಿಯಲಿ.

ಹದಿನಾರು ವಿದ್ಯಾರ್ಥಿಗಳು ಹಲಗೆ ಹಿಡಿಯುವವರಿದ್ದಾರೆಂದು ಭಾವಿಸೋಣ. ಎಂಟೆಂಟು ಮಂದಿಯ ಎರಡು ತಂಡ ಮಾಡಬೇಕು. ಒಂದು ತಂಡ ನೀರಿನಲ್ಲಿರುವಾಗ ಇನ್ನೊಂದು ದಡದಲ್ಲಿ. ದಡದಲ್ಲಿರುವ ಪ್ರತಿಯೊಬ್ಬರಿಗೂ ನೀರಿನಲ್ಲಿರುವ ಒಬ್ಬ ಜೋಡಿ ಇರಬೇಕು, ಆ ಜೋಡಿಯ ಮೇಲಿನ ಕಣ್ಣು ತೆಗೆಯಬಾರದು. ನಾಲ್ವರು ಮಕ್ಕಳಿಗೆ ಒಬ್ಬರು ತರಬೇತುದಾರರಿರಬೇಕು. ಹೆತ್ತವರ ಲಿಖಿತ ಒಪ್ಪಿಗೆ, ಶಾಲೆಯ ಅನುಮತಿ, ಉಬ್ಬಸ ಅಥವಾ ಅಪಸ್ಮಾರದಂತಹ ತೊಂದರೆಗಳ ವಿವರ ಮುಂಚಿತವಾಗಿ ಕೈಸೇರಬೇಕು. ವಿದ್ಯಾರ್ಥಿನಿಯರೂ ಹೊರಡುವುದಾದರೆ ಶಿಕ್ಷಕಿಯರು ಜತೆಗಿರತಕ್ಕದ್ದು.

ಡೇರೆ, ನೀರು, ಊಟ

ದಡದಲ್ಲಿ ಒಣಗಿದ ಪಾಚಿ, ಕಡ್ಡಿ, ಚಿಪ್ಪುಗಳು ಒಂದು ಗೆರೆಯಂತೆ ಬಿದ್ದಿರುತ್ತವೆ. ಉಬ್ಬರದ ನೀರು ಅಲ್ಲಿಯವರೆಗೆ ಬಂದಿತ್ತೆಂದು ಅರ್ಥ. ಡೇರೆಯನ್ನು ಅದಕ್ಕಿಂತ ಸಾಕಷ್ಟು ಮೇಲೆ, ಗಟ್ಟಿ ನೆಲದಲ್ಲಿ ಹಾಕಬೇಕು. ತೆಂಗಿನ ಮರದ ಕೆಳಗೆ ಬೇಡ. ಒಂದು ಒಣ ಮಡಲೋ ಕಾಯಿಯೋ ಬಿದ್ದರೆ ಸಾಕು, ಶಿಬಿರ ಆಸ್ಪತ್ರೆಯಲ್ಲಿ ಮುಗಿಯುತ್ತದೆ. ಸಡಿಲ ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಗೋಣಿಚೀಲಕ್ಕೆ ಹೊಯಿಗೆ ತುಂಬಿಸಿ, ಅದಕ್ಕೆ ಡೇರೆಯ ಹಗ್ಗ ಬಿಗಿದು, ಮೊಣಕಾಲುದ್ದ ಗುಂಡಿಯಲ್ಲಿ ಹೂಳಿದರೆ ಗಾಳಿಗೆ ಅಲುಗದು. ಸ್ಥಳೀಯ ಪಂಚಾಯತು ಮತ್ತು ಪೊಲೀಸ್ ಠಾಣೆಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ದಡದಲ್ಲಿ ರಾತ್ರಿ ತಂಗಲು ಅವಕಾಶ ದೊರೆಯದಿದ್ದರೆ ಸಮೀಪದ ಶಾಲೆಯ ಕೊಠಡಿಯಲ್ಲಿ ಮಲಗಿ ಬೆಳಗ್ಗೆ ಬಂದರೂ ಕಲಿಕೆಗೇನೂ ಕುಂದಿಲ್ಲ.

ಚಳಿಗಾಲದ ಇರುಳುಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಮರಳಿಗೆ ಬರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇವು ರಕ್ಷಿತ ಪ್ರಾಣಿಗಳು. ಮೊಟ್ಟೆಯೊಡೆದ ಮರಿಗಳು ಬೆಳಕಿರುವ ಕಡೆಯೇ ಕಡಲೆಂದು ತಿಳಿದು ನಡೆಯುತ್ತವೆ. ನಮ್ಮ ದೀಪ, ಬೆಂಕಿಗಳನ್ನು ಕಂಡು ದಾರಿತಪ್ಪಿದರೆ ಬೆಳಗಾಗುವುದರೊಳಗೆ ಕಾಗೆ ನಾಯಿಗಳ ಪಾಲಾಗುತ್ತವೆ. ಆದುದರಿಂದ ಊಟ ಮುಗಿದ ಕೂಡಲೇ ದೀಪ ಆರಿಸಬೇಕು. ಶಿಬಿರಾಗ್ನಿ ಬೇಕೇಬೇಕೆಂಬ ಹಟ ಬೇಡ.

ಕುಡಿಯಲು ಮತ್ತು ಅಡುಗೆಗೆ ತಲಾ ದಿನಕ್ಕೆ 5 ಲೀಟರ್ ನೀರು ಬೇಕು. ಹದಿನಾರು ಮಕ್ಕಳು, ನಾಲ್ವರು ಹಿರಿಯರು, ಎರಡು ದಿನ ಎಂದರೆ 200 ಲೀಟರ್. ಸುತ್ತಲೂ ನೀರಿರುವಾಗ ಬಾಯಾರಿಕೆ ತಿಳಿಯುವುದಿಲ್ಲ, ಬಿಸಿಲಿನಲ್ಲಿ ಮೈನೀರು ಆರುತ್ತಲೇ ಇರುತ್ತದೆ. ನೀರಿಗಿಳಿಯುವ ಒಂದು ಗಂಟೆ ಮೊದಲು ಅವಲಕ್ಕಿ ಬಾಳೆಹಣ್ಣಿನಂತಹ ಹಗುರ ಆಹಾರ, ಮೇಲೆ ಬಂದ ಬಳಿಕ ಉಪ್ಪು ಹಾಕಿದ ಕುಚ್ಚಿಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ ಉತ್ತಮ. ಬೊಂಡ ಸಿಕ್ಕರೆ ಇನ್ನೂ ಒಳ್ಳೆಯದು. ತುಂಬುತೋಳಿನ ಅಂಗಿ, ಟೊಪ್ಪಿ, ಒಣಬಟ್ಟೆ, ಟಾರ್ಚು, ಸೀಟಿ, 30 ಮೀಟರ್ ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕಸ ಹೊತ್ತು ತರಲು ಎರಡು ಗೋಣಿ, ಇವಿಷ್ಟು ಮುಖ್ಯ ಸಾಮಾನುಗಳು.

ತೊರಕೆ ಮೀನು ಮರಳಿನಲ್ಲಿ ಹುದುಗಿರುವುದರಿಂದ ನೀರಿನಲ್ಲಿ ಹೆಜ್ಜೆ ಎತ್ತಿಡದೆ ಕಾಲೆಳೆಯುತ್ತಾ ನಡೆಯಬೇಕು. ಸದ್ದಿಗೆ ಅದು ಸರಿದುಹೋಗುತ್ತದೆ. ಲೋಳೆಮೀನು ತಗುಲಿದರೆ ಮರಳಿನಿಂದ ಉಜ್ಜದೆ ಕಡಲನೀರಿನಿಂದಲೇ ತೊಳೆದು, ತಾಳುವಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗವನ್ನು ಅದ್ದಿಡಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗುಡುಗು ಕೇಳಿಸಿದ ಕ್ಷಣವೇ ಎಲ್ಲರೂ ನೀರಿನಿಂದ ಮೇಲೆ ಬಂದು ಕಟ್ಟಡದೊಳಗೆ ಸೇರಬೇಕು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆಯವರೆಗೆ ಹಿಂದಿರುಗಬಾರದು.

ಹಲಗೆಯ ಮೇಲೆ

ಕಲಿಯುವವರಿಗೆ ಮೆತ್ತನೆಯ ಫೋಮಿನ, ಎಂಟು ಒಂಬತ್ತು ಅಡಿ ಉದ್ದದ ಹಲಗೆ ಬೇಕು. ಅದರ ಗಾತ್ರ 80 ಲೀಟರ್ ಎಂದಿಟ್ಟುಕೊಂಡರೆ, ಆರ್ಕಿಮಿಡೀಸನ ನಿಯಮದಂತೆ ಪೂರ್ತಿ ಮುಳುಗಿದಾಗ ಅದು 80 ಕಿಲೋಗಿಂತ ತುಸು ಹೆಚ್ಚು ಭಾರವನ್ನು ಎತ್ತಿಹಿಡಿಯುತ್ತದೆ. 45 ಕಿಲೋ ತೂಗುವ ಹುಡುಗಿ ಅದರ ಮೇಲೆ ಮಲಗಿದರೂ ಹಲಗೆ ನೀರಿನ ಮೇಲೇ ಇರುತ್ತದೆ. ಸಣ್ಣ ಹಲಗೆ ನೋಡಲು ಚೆಂದ, ಆದರೆ ಅದು ನುರಿತವರದು.

ಮೊದಲ ಪಾಠ ಒಣ ಮರಳಿನ ಮೇಲೆ. ಹೊಟ್ಟೆಯ ಮೇಲೆ ಮಲಗಿ, ಎದೆಯ ಪಕ್ಕ ಅಂಗೈ ಊರಿ, ಒಮ್ಮೆಲೇ ಎದ್ದು, ಮಂಡಿ ಬಾಗಿಸಿ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ನಿಲ್ಲುವುದನ್ನು ಹತ್ತಾರು ಬಾರಿ ಅಭ್ಯಾಸ ಮಾಡಬೇಕು. ಹಲಗೆಯ ಪಟ್ಟಿಯನ್ನು ಹಿಂಗಾಲಿಗೆ ಕಟ್ಟಿಕೊಳ್ಳಬೇಕು. ಬಳಿಕ ಸೊಂಟಮಟ್ಟದ ನೀರಿನಲ್ಲಿ ನೊರೆತೆರೆಯ ಮುಂದೆ ಹಲಗೆಯನ್ನು ದಡಕ್ಕೆ ನೇರವಾಗಿ ಇಟ್ಟು, ಮಲಗಿಕೊಂಡೇ ಜಾರಿ ಬರುವುದು. ಎದ್ದು ನಿಲ್ಲುವುದು ಅನಂತರದ ಮಾತು. ಹಲಗೆ ಎಂದೂ ನಿಮಗೂ ತೆರೆಗೂ ನಡುವೆ ಇರಬಾರದು, ತೆರೆ ಅದನ್ನು ಎತ್ತಿ ನಿಮ್ಮ ಮೇಲೆಯೇ ಹೊಡೆಯುತ್ತದೆ. ಬೀಳುವಾಗ ತಲೆ ಮುಂದಾಗಿ ಧುಮುಕದೆ ಬೆನ್ನಿನ ಮೇಲೋ ಪಕ್ಕಕ್ಕೋ ಚಪ್ಪಟೆಯಾಗಿ ಬಿದ್ದು, ಮೇಲೆ ಬರುವಾಗ ಎರಡೂ ಕೈಗಳಿಂದ ತಲೆಯನ್ನು ಕಾಪಾಡಿಕೊಳ್ಳಬೇಕು. ಒಂದು ತೆರೆಗೆ ಒಬ್ಬರೇ ಸವಾರರು. ಇಬ್ಬರು ಒಂದೇ ತೆರೆಯನ್ನು ಹಿಡಿದರೆ, ಅದು ಒಡೆಯುತ್ತಿರುವ ಜಾಗಕ್ಕೆ ಹತ್ತಿರವಿದ್ದವರಿಗೆ ಅದು ಸಲ್ಲುತ್ತದೆ.

ಬೇಡ ಎನ್ನುವ ಅಧಿಕಾರ

ಎಲ್ಲ ಸಿದ್ಧತೆ ಮಾಡಿ, ಹಣ ಖರ್ಚು ಮಾಡಿ, ಬಸ್ಸಿನಲ್ಲಿ ಹಾಡುತ್ತಾ ಹೋದ ಮೇಲೆ ಆ ಬೆಳಗ್ಗೆ ಕಡಲು ಒರಟಾಗಿ ಕಂಡರೆ ಏನು ಮಾಡಬೇಕು? ಅಪಘಾತಗಳು ಹೆಚ್ಚಾಗಿ ನಡೆಯುವುದು ಇಂತಹ ಗಳಿಗೆಯಲ್ಲೇ. ‘ಇಷ್ಟು ದೂರ ಬಂದಿದ್ದೇವಲ್ಲ’ ಎಂಬ ಒಂದು ಮಾತು ಎಲ್ಲ ವಿವೇಕವನ್ನೂ ಹಿಂದೆ ತಳ್ಳುತ್ತದೆ. ಆದುದರಿಂದ ಊರಲ್ಲಿರುವಾಗಲೇ ಒಂದು ನಿಯಮ ಮಾಡಿಕೊಳ್ಳಿ. ನೀರಿಗಿಳಿಯಲು ಎಲ್ಲರ ಒಪ್ಪಿಗೆ ಬೇಕು. ಇಳಿಯದಿರಲು ಒಬ್ಬರ ಮಾತು ಸಾಕು. ಆ ಒಬ್ಬರು ತರಬೇತುದಾರರಾಗಿರಬಹುದು, ಜತೆಗೆ ಬಂದ ಟೀಚರ್ ಆಗಿರಬಹುದು, ದಡದಲ್ಲಿ ಬಲೆ ಹೆಣೆಯುತ್ತಿರುವ ಹಿರಿಯರಾಗಿರಬಹುದು, ಎಂಟನೆಯ ತರಗತಿಯ ಪುಟ್ಟ ಹುಡುಗಿಯೂ ಆಗಿರಬಹುದು. ಬೇಡವೆಂದವರನ್ನು ಯಾರೂ ಪುಕ್ಕಲರೆಂದು ಹಾಸ್ಯ ಮಾಡಕೂಡದು.

ಅಂದು ನೀರಿಗಿಳಿಯದಿದ್ದರೂ ಶಿಬಿರ ವ್ಯರ್ಥವಲ್ಲ. ಸಿಪ್ಪೆ ಎಸೆದು ಸೆಳವನ್ನು ಗುರುತಿಸಬಹುದು, ಗಡಿಯಾರ ಹಿಡಿದು ಹತ್ತು ತೆರೆಗಳ ಹೊತ್ತನ್ನು ಲೆಕ್ಕಹಾಕಿ ಅವಧಿ ತಿಳಿಯಬಹುದು, ಮರಳಿನ ಮೇಲೆ ಹಲಗೆಯ ಅಭ್ಯಾಸ ಮಾಡಬಹುದು, ಮೀನುಗಾರರ ಬಾಯಿಂದ ಕಡಲಿನ ಕತೆ ಕೇಳಬಹುದು. ಒಟ್ಟಿಗೆ ಹೋದವರೆಲ್ಲರೂ ಒಟ್ಟಿಗೆ ಮನೆಗೆ ಮರಳಿದರೆ ಆ ಪ್ರವಾಸ ಯಶಸ್ವಿಯಾಯಿತೆಂದೇ ತಿಳಿಯಬೇಕು. ಕ್ರಿಸ್ಮಸ್ ರಜೆಗೆ ಇನ್ನೂ ಸಮಯವಿರುವಾಗಲೇ ಈಜು ಕಲಿಯಲು ಆರಂಭಿಸಿರಿ. ಶಿಬಿರದ ಸಿದ್ಧತೆ ಅಲ್ಲಿಂದಲೇ ಮೊದಲಾಗುತ್ತದೆ.